ಬಿಡ್ರಿ ಅಂದಿದ್ದು ಕೇಳಿಸಿತ್ತು

ಗರಾಜಿನ ಮೇಲಿನ ಹಲಗೆಯಿಂದ ರಟ್ಟಿನ ಡಬ್ಬ ಇಳಿಸಿ ಮುಚ್ಚಳ ತೆಗೆದಾಗ ಮೊದಲು ಬಂದದ್ದು ವಾಸನೆ. ಚರ್ಮದ್ದು, ಚರ್ಮಕ್ಕೆ ಹಚ್ಚಿದ ಎಣ್ಣೆಯದು, ಅದರಡಿಯಲ್ಲೆಲ್ಲೋ ಹಳೆಯ ಬೆವರಿನದು. ಆಗಸ್ಟ್ ತಿಂಗಳ ಹ್ಯೂಸ್ಟನ್ನಿನಲ್ಲಿ ಗರಾಜು ಅನ್ನುವುದು ನೀರು ಮುಗಿದ ಮೇಲೂ ಒಲೆ ಆರಿಸದ ಇಡ್ಲಿ ಪಾತ್ರೆ. ಅದರೊಳಗೆ ನಾಲ್ಕು ಬೇಸಿಗೆ ಬೆಂದ ಒಂದು ಬೇಸ್‌ಬಾಲ್ ಗ್ಲೌಸು, ಅದರ ಅಂಗೈಯಲ್ಲಿ ಒಂದು ಚೆಂಡು. ಬೇಡದ ಸಾಮಾನನ್ನೆಲ್ಲ ಇವತ್ತು ದಾನದ ಚೀಲಕ್ಕೆ ಹಾಕಿ ಮುಗಿಸಲೇಬೇಕು ಅಂತ ಬೆಳಗ್ಗೆ ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಇಳಿದಿದ್ದೆ. ಸೊಂಟ ಹಿಡಿದರೆ ಅಂತ ಪಟ್ಟಿ. ಪಟ್ಟಿ ಬಿಗಿಯಾಗಿ ರಕ್ತ ಓಡಾಡದಿದ್ದರೆ ಅಂತ ಅದನ್ನು ಸಡಿಲ ಮಾಡಿದ್ದೆ. ಹೀಗೆ ಯಾವ ಉಪಯೋಗಕ್ಕೂ ಬಾರದ ಪಟ್ಟಿ ಕಟ್ಟಿಕೊಂಡವಳು, ಆ ವಾಸನೆ ಮೂಗಿಗೆ ಬಿದ್ದದ್ದೇ, ಪಕ್ಕದಲ್ಲಿದ್ದ ಪೇಂಟ್ ಡಬ್ಬದ ಮೇಲೆ ಕುಳಿತುಬಿಟ್ಟೆ.

ಮೇಲಿನ ಮನೆ ಅಂಕಲ್…

ಆಗ ನಾವಿದ್ದದ್ದು ಡಾಲಸ್ ಕಡೆ, ಲಾಸ್ ಕೊಲಿನಾಸ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿ. ನಾವು ಕೆಳಗೆ, ಅವರು ಮೇಲೆ. ಅವರ ಹೆಸರು ಅಂಚೆ ಡಬ್ಬದ ಮೇಲೆ ಬರೆದಿತ್ತು, ಆದರೂ ಆರು ವರ್ಷ ನಮ್ಮ ಮನೆಯಲ್ಲಿ ಅವರು ಮೇಲಿನ ಮನೆ ಅಂಕಲ್ಲೇ. ಹುಬ್ಬಳ್ಳಿಯವರು. ಅರ್ವಿಂಗ್‌ನಲ್ಲಿ ಇಪ್ಪತ್ತೆಂಟು ವರ್ಷ ಡ್ರೈಕ್ಲೀನಿಂಗ್ ಅಂಗಡಿ ನಡೆಸಿ, ಎದೆಗೆ ಸ್ಟೆಂಟ್ ಹಾಕಿಸಿಕೊಂಡ ವರ್ಷ ಅದನ್ನು ಮಾರಿದ್ದರು. ಇಸ್ತ್ರಿ ಇಲ್ಲದ ಅಂಗಿಯಲ್ಲಿ ನಾನು ಅವರನ್ನು ನೋಡಿದ್ದೇ ಇಲ್ಲ. ನನ್ನ ಕುರ್ತಾದ ಸುಕ್ಕುಗಳನ್ನು ಅವರು ಮಾತಾಡುವಾಗಲೆಲ್ಲ ಕಣ್ಣಲ್ಲೇ ನೀವುತ್ತಿದ್ದರು. ನನ್ನನ್ನು ಕರೆಯುತ್ತಿದ್ದದ್ದು ‘ಮೈಸೂರು ಮೇಡಮ್ಮಾರ’ ಅಂತ. ಅದರಲ್ಲಿ ಮರ್ಯಾದೆ ಎಷ್ಟು, ಚೇಷ್ಟೆ ಎಷ್ಟು ಅಂತ ನಾನು ಎಂದೂ ಬಿಡಿಸಿ ನೋಡಲು ಹೋಗಲಿಲ್ಲ.

ಶುರುವಾದದ್ದು ಈ ಗ್ಲೌಸಿನಿಂದಲೇ. ಮಗಳಿಗೆ ಸಾಫ್ಟ್‌ಬಾಲ್ ಅನ್ನುವ ಹುಡುಗಿಯರ ಬೇಸ್‌ಬಾಲ್ ಕಲಿಸಬೇಕೆಂದು ಕೊಂಡದ್ದು. ಮೂರು ವಾರ ಹೋದಳು. ಕೋಚ್ ಕಿರುಚುತ್ತಾರೆ ಅಂತ ಬಿಟ್ಟಳು. ಗ್ಲೌಸು ನಮ್ಮ ಪ್ಯಾಟಿಯೋದ, ಅಂದರೆ ಹೊರಜಗಲಿಯ, ಕುರ್ಚಿಯ ಮೇಲೆ ಅನಾಥವಾಗಿ ಬಿದ್ದಿತ್ತು. ಒಂದು ಸಂಜೆ ಅಂಕಲ್ ಅದನ್ನು ಎತ್ತಿ ತಿರುಗಿಸಿ ನೋಡಿದರು.

“ಇದನ್ಯಾರು ಆಡ್ತಾರ್ರೀ?”

“ಯಾರೂ ಆಡಲ್ಲ ಅಂಕಲ್. ಕೊಂಡಿದ್ದಷ್ಟೆ.”

“ಹಂಗಾದ್ರ ನಡೀರಿ, ನಿಮಗ ಒಂದ್ ಕಡೆ ಕರ್ಕೊಂಡು ಹೋಗ್ತೀನಿ.”

ಕರೆದುಕೊಂಡು ಹೋಗುವವರು ಅವರು, ಡ್ರೈವ್ ಮಾಡುವವಳು ನಾನು. ಕಣ್ಣಿನ ಪೊರೆ ತೆಗೆಸಿದ ಮೇಲೆ ಅವರು ಹೈವೇ ಹತ್ತುವುದನ್ನು ಬಿಟ್ಟಿದ್ದರು. ಹೋದದ್ದು ಆರ್ಲಿಂಗ್ಟನ್ನಿಗೆ, ಆ ಕಡೆಯ ಬೇಸ್‌ಬಾಲ್ ತಂಡದ ಕ್ರೀಡಾಂಗಣಕ್ಕೆ. ಮ್ಯಾಚು ಏಳು ಗಂಟೆಗೆ. ಆದರೆ ಅದಕ್ಕೆ ಎರಡು ಗಂಟೆ ಮುಂಚೆಯೇ ಗೇಟು ತೆಗೆಯುತ್ತಾರೆ, ಆಟಗಾರರು ಬ್ಯಾಟಿಂಗ್ ಪ್ರಾಕ್ಟೀಸ್ ಮಾಡುವುದನ್ನು ನೋಡಲಿಕ್ಕೆ. ಅಂಕಲ್‌ಗೆ ಬೇಕಾಗಿದ್ದದ್ದು ಅದು, ಅದು ಮಾತ್ರ. ಏಳು ಗಂಟೆಗೆ ಎಲ್ಲರೂ ಎದ್ದು ನಿಂತು ಎದೆಯ ಮೇಲೆ ಕೈಯಿಟ್ಟು ರಾಷ್ಟ್ರಗೀತೆ ಮುಗಿಸಿ ಕುಳಿತುಕೊಳ್ಳುತ್ತಿದ್ದರು. ನಾವಿಬ್ಬರು ಮಾತ್ರ ಕೂರದೆ ಹಾಗೇ ಹೊರಗೆ ನಡೆಯುತ್ತಿದ್ದೆವು. ನನ್ನ ಗಂಡ ಇದನ್ನು ಮದುವೆಗೆ ಹೋಗಿ ಊಟಕ್ಕೆ ಮುಂಚೆ ಎದ್ದು ಬಂದ ಹಾಗೆ ಅನ್ನುತ್ತಿದ್ದರು.

ಕಾರಣ ಕೇಳಿದ್ದೆ. ಹುಬ್ಬಳ್ಳಿಯಲ್ಲಿದ್ದಾಗ ಅವರು ಒಂದು ಕ್ರಿಕೆಟ್ ಕ್ಲಬ್ಬಿಗೆ ಹದಿನಾರು ವರ್ಷ ಸ್ಕೋರರ್ ಆಗಿದ್ದರಂತೆ. ಬೌಂಡರಿ ಗೆರೆಯಾಚೆ ಒಂದು ಮೇಜು, ಒಂದು ಉದ್ದನೆಯ ಪುಸ್ತಕ, ಎರಡು ಪೆನ್ಸಿಲ್ಲು.

“ಮ್ಯಾಚ್ ಶುರು ಆತು ಅಂದ್ರ ನನ್ನ ಕೈ ಸುಮ್ನಿರಂಗಿಲ್ರೀ. ಯಾರ್ ಹೊಡದ್ರು, ಯಾರ್ ಹಿಡದ್ರು, ಬರ್ಕೊಳ್ಳಾಕ ಬೇಕು. ಇದೊಂದು ಪ್ರಾಕ್ಟೀಸ್ ಮಾತ್ರ ಯಾರೂ ಬರ್ಕೊಳ್ಳಂಗಿಲ್ಲ. ಅದಕ್ಕ ಕಣ್ತುಂಬ ನೋಡಾಕ ಆಗತೈತಿ.”

ಸ್ವಲ್ಪ ದೂರ ಕಾರು ಓಡಿದ ಮೇಲೆ, ಕಿಟಕಿಯಾಚೆ ನೋಡುತ್ತ ಇನ್ನೊಂದು ಮಾತು ಸೇರಿಸಿದರು. “ಸಾವಿರ ಕ್ಯಾಚ್ ಬರದೀನ್ರೀ ನಾನು. ಒಂದೂ ಹಿಡದಿಲ್ಲ. ಹನ್ನೊಂದ್ ಮಂದಿ ತುಂಬಲಿಲ್ಲ ಅಂದ್ರೂ ನನ್ನ ಕರೀಲಿಲ್ಲ. ಪುಸ್ತಕ ಬರಿಯಾವ್ರು ಯಾರು, ಹೇಳ್ರಿ.”

ಆ ಒಂದನ್ನು ಹಿಡಿಯುವುದಕ್ಕೇ ಅವರು ಅಲ್ಲಿಗೆ ಬರುತ್ತಿದ್ದದ್ದು.

ಪ್ರಾಕ್ಟೀಸ್ ನೋಡುವುದೂ ಒಂದು ವಿಚಿತ್ರ. ಬ್ಯಾಟ್ಸ್‌ಮನ್ ಸುತ್ತ ಬಲೆಯ ಗೂಡು, ಎದುರಿಗೆ ಇನ್ನೊಂದು ಬಲೆಯ ಮರೆಯಿಂದ ಹೊಟ್ಟೆ ಬಂದ ಕೋಚ್ ಒಬ್ಬರು ಸುಲಭವಾದ ಚೆಂಡು ಎಸೆಯುತ್ತಾರೆ. ಒಬ್ಬರಾದ ಮೇಲೆ ಒಬ್ಬರು ಬಂದು ಬಾರಿಸಿ ಹೋಗುತ್ತಾರೆ. ಔಟಿಲ್ಲ, ಸೋಲಿಲ್ಲ. ಹೊಡೆತ ಮೊದಲು ಕಾಣುತ್ತದೆ, ಟಕ್ ಅನ್ನುವ ಸದ್ದು ಆಮೇಲೆ ಬರುತ್ತದೆ. ದೂರದ ಸಾಲುಗಳಲ್ಲಿ ಗ್ಲೌಸು ಹಾಕಿಕೊಂಡ ಜನ ರೇಲಿಂಗಿಗೆ ಆನಿಕೊಂಡು ಕಾಯುತ್ತಾರೆ. ಕೆಳಗೆ ಅಂಗಳದಲ್ಲಿ ನಿಂತ ಆಟಗಾರರು ಆಗಾಗ ಒಂದೊಂದು ಚೆಂಡನ್ನು ಮೇಲಕ್ಕೆ, ಮಕ್ಕಳಿಗೆ, ಮುದುಕರಿಗೆ ಎಸೆಯುತ್ತಾರೆ. ಒಬ್ಬ ಆಟಗಾರ ಅಂಕಲ್‌ನ ಬಿಳಿ ಕೂದಲು ನೋಡಿ ಹಾಗೊಂದು ಎಸೆದ. ಅಂಕಲ್ ಕೈ ಹಿಂದೆ ಕಟ್ಟಿಕೊಂಡರು. ಚೆಂಡು ಕುರ್ಚಿಗೆ ಬಡಿದು ಯಾರದೋ ಪಾಲಾಯಿತು.

“ಒಗದು ಕೊಟ್ಟಿದ್ದು ಪ್ರಸಾದ ಇದ್ದಂಗ. ನನಗ ಪ್ರಸಾದ ಬ್ಯಾಡ್ರೀ, ಹಿಡದದ್ದು ಬೇಕು.”

“ಹಾಗಾದ್ರೆ ಈ ಗ್ಲೌಸಾದ್ರೂ ಹಾಕ್ಕೊಳ್ಳಿ ಅಂಕಲ್.”

“ಚೀಲದಾಗ ಹಿಡಿಯೂದು ಹಿಡಿಯೂದೇನ್ರೀ? ಸಂತ್ಯಾಗ ಬದ್ನೀಕಾಯಿ ತುಂಬಿಸ್ಕೊಂಡಂಗ.”

ಬದನೆಕಾಯಿಯ ಚೀಲ ನನ್ನ ಎಡಗೈಯಲ್ಲೇ ಉಳಿಯಿತು. ಹೊರಗೆ ನೂರು ಫ್ಯಾರನ್‌ಹೀಟಿನ ಮೇಲೆ ಬಿಸಿಲು, ಒಳಗೆ ಮಾಡು ಮುಚ್ಚಿ ಎಸಿ ಹಾಕಿದ ಚಳಿ. ಅವರು ಸ್ವೆಟರ್ ಹಾಕಿ, ಕಿವಿಗೆ ಮಫ್ಲರ್ ಸುತ್ತಿ, ಎರಡೂ ಬರಿಗೈಗಳನ್ನು ಎದೆಯ ಮುಂದೆ ಬೊಗಸೆ ಮಾಡಿಕೊಂಡು ನಿಲ್ಲುತ್ತಿದ್ದರು. ಸುತ್ತಲಿನವರಿಗೆ ಅವರು ಯಾವುದೋ ಪೂಜೆಯಲ್ಲಿರುವಂತೆ ಕಂಡಿರಬೇಕು.

ಎರಡನೇ ಸಲ ಹೊರಡುವುದಕ್ಕೆ ಹಿಂದಿನ ದಿನ ಅವರ ಹೆಂಡತಿ, ಆಂಟಿ, ಕೆಳಗಿಳಿದು ಬಂದರು. ನಮ್ಮ ಪ್ಯಾಟಿಯೋದಲ್ಲಿ ನನ್ನ ಕೈ ಹಿಡಿದುಕೊಂಡು ದನಿ ತಗ್ಗಿಸಿದರು. ಮೇಲಿನ ಅವರ ಬಾಲ್ಕನಿಯಿಂದ ಎಂದಿನಂತೆ ನೀರು ತೊಟ್ಟಿಕ್ಕುತ್ತಿತ್ತು. ಅವರ ತುಳಸಿ ಕುಂಡದ ನೀರು ನನ್ನ ಕುರ್ಚಿಯ ಮೇಲೆ ಬೀಳುವುದು ನನ್ನ ಹಳೆಯ ದೂರು. ಕುರ್ಚಿ ಸರಿಸಿ ಕುಳಿತೆವು.

“ನೋಡವಾ ತಂಗಿ, ಅವರಿಗೆ ರಕ್ತ ತೆಳ್ಳಗ ಮಾಡೋ ಗುಳಿಗಿ ಕೊಟ್ಟಾರ. ಸಣ್ಣ ಪೆಟ್ಟು ಬಿದ್ರೂ ಒಳಗ ರಕ್ತ ಹರೀತೈತಿ. ಆ ಚೆಂಡಂದ್ರ ಕಲ್ಲು. ಅವರ ಕೈಗೆ ಒಂದೂ ಬೀಳಗೊಡಬ್ಯಾಡ. ಆಣಿ ಮಾಡು.”

ಮಾಡಿದೆ.

“ಮತ್ತ ಅವರಿಗೆ ಹೇಳಬ್ಯಾಡ. ಮುನಿಸ್ಕೊಂತಾರ.”

ಹೇಳಲಿಲ್ಲ. ಈ ಕೆಲಸಕ್ಕೆ ನನಗಿಂತ ಯೋಗ್ಯರು ಆ ಊರಲ್ಲಿ ಸಿಗುತ್ತಿರಲಿಲ್ಲ ಬಿಡಿ. ನಾನು ಸಾಫ್ಟ್‌ವೇರ್ ಟೆಸ್ಟರ್. ಏನೇನು ಕೆಡಬಹುದು ಅಂತ ಮುಂಚೆಯೇ ಊಹಿಸುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಸಂಬಳ ಕೊಡದಿದ್ದಾಗಲೂ ಅದನ್ನೇ ಮಾಡುತ್ತಿರುತ್ತೇನೆ. ಆ ದಿನದಿಂದ ಕ್ರೀಡಾಂಗಣದಲ್ಲಿ ನಾನು ಅವರಿಗಿಂತ ಅರ್ಧ ಹೆಜ್ಜೆ ಮುಂದೆ ನಿಲ್ಲತೊಡಗಿದೆ. ಅವರು ಎಡಕ್ಕೆ ಸರಿದರೆ ನಾನೂ ಎಡಕ್ಕೆ. ಅವರೂ ಸುಮ್ಮನಿರುತ್ತಿರಲಿಲ್ಲ. “ಒಂದೀಟು ನೀರು ತರ್ತೀರೇನ್ರೀ” ಅನ್ನುವರು. ನಾನು ಚೀಲದಿಂದ ಬಾಟಲಿ ತೆಗೆದುಕೊಡುವೆ. “ಆ ಸ್ಕೋರ್‌ಬೋರ್ಡಿನ ಮ್ಯಾಲೆ ಏನ್ ಬರದಾರ, ನನಗ ಕಾಣವಲ್ದು, ಅತ್ಲಾಗ ಹೋಗಿ ನೋಡಿ ಬರ್ರಿ” ಅನ್ನುವರು. ನಾನು ನಿಂತಲ್ಲಿಂದಲೇ ಓದಿ ಹೇಳುವೆ. ವಯಸ್ಸಾದವರಿಗೆ ನೂರೆಂಟು ಬೇಕು ಅಂತ ಅಂದುಕೊಂಡಿದ್ದೆ, ಪೆದ್ದಿಯ ಹಾಗೆ.

ಐದನೇ ಸಲವೋ ಆರನೆಯದೋ… ಬಲಗಡೆಯ ಸಾಲುಗಳಲ್ಲಿ ನಿಂತಿದ್ದೆವು. ಎದುರಾಳಿ ತಂಡದ ಎಡಗೈ ಬ್ಯಾಟ್ಸ್‌ಮನ್ ಒಬ್ಬ ಗೂಡಿನೊಳಗೆ ನಿಂತು ಒಂದರ ಹಿಂದೊಂದು ನಮ್ಮ ಕಡೆಗೇ ಬಾರಿಸುತ್ತಿದ್ದ. ಒಂದು ಚೆಂಡು ಮೇಲೆದ್ದಿತು. ಮೊದಲು ಅದು ಎಲ್ಲರದೂ ಆಗಿತ್ತು. ಆಮೇಲೆ ನಮ್ಮ ಸಾಲಿನದಾಯಿತು. ಆಮೇಲೆ ಅಂಕಲ್‌ನದೇ ಆಯಿತು. ಅದು ಅಷ್ಟು ನೇರವಾಗಿ, ಅಷ್ಟು ನಿಧಾನವಾಗಿ, ಅವರ ಬೊಗಸೆಯ ವಿಳಾಸ ಬರೆದುಕೊಂಡಂತೆ ಇಳಿದು ಬರುತ್ತಿತ್ತು. ಅವರು ಕೈಗಳನ್ನು ಮುಖದ ಮುಂದೆ ಎತ್ತಿದರು. ಬೆರಳುಗಳು ನಡುಗುತ್ತಿರಲಿಲ್ಲ, ಅದು ನನಗೆ ಚೆನ್ನಾಗಿ ನೆನಪಿದೆ.

“ಬಿಡ್ರಿ,” ಅಂದರು. ಕೂಗಲಿಲ್ಲ. ಇನ್ನೊಮ್ಮೆ, ಮೆಲ್ಲಗೆ, “ಬಿಡ್ರಿ…”

ನಾನು ಎಡಗೈ ಚಾಚಿದೆ. ಚೆಂಡು ಗ್ಲೌಸಿನೊಳಗೆ ಬಂದು ಕುಳಿತಿತು. ಶಾಲೆಯಲ್ಲಿ ಥ್ರೋಬಾಲ್ ತಂಡಕ್ಕೂ ಆಯ್ಕೆಯಾಗದ ನಾನು, ಜೀವಮಾನದಲ್ಲಿ ಹಿಡಿದ ಒಂದೇ ಕ್ಯಾಚು ಅದು.

ಸುತ್ತಲಿನವರು ಸಿಳ್ಳೆ ಹೊಡೆದರು. ದೊಡ್ಡ ಟೋಪಿಯ ಗಂಡಸೊಬ್ಬ ನನ್ನ ಭುಜ ತಟ್ಟಿದ. ಅಂಕಲ್ ತಮ್ಮ ಖಾಲಿ ಬೊಗಸೆಯನ್ನು ಒಂದು ಕ್ಷಣ ನೋಡಿದರು. ಆಮೇಲೆ ಅವೇ ಕೈಗಳನ್ನು ಬಿಡಿಸಿ ಚಪ್ಪಾಳೆ ತಟ್ಟಿದರು.

ಏನಾದರೂ ಹೇಳಬೇಕಿತ್ತಲ್ಲ. “ಬಿಡ್ರಿ ಅಂದಿದ್ದು ನನಗೆ ‘ಹಿಡೀರಿ ಬಿಡ್ರಿ’ ಅನ್ನೋ ಥರ ಕೇಳಿಸ್ತು ಅಂಕಲ್. ನಿಮ್ಮ ಕಡೆ ಮಾತು ನಂಗೆ ಗೊತ್ತಾಗಲ್ಲ,” ಅಂದೆ.

ಶುದ್ಧ ಸುಳ್ಳು. ನಮ್ಮ ಮೈಸೂರಿನಲ್ಲೂ ಬಿಡಿ ಅಂದರೆ ಬಿಡಿ ಅಂತಲೇ ಅರ್ಥ.

ಅವರು ಮಫ್ಲರ್ ಸರಿ ಮಾಡಿಕೊಂಡರು. “ತಪ್ಪು ನಂದ. ನಮ್ಮ ಕಡೆ ಬಿಡ್ರಿ ಅಂದ್ರ ಎಲ್ಲಾ ಆಗತೈತ್ರಿ. ಹೌದ ಬಿಡ್ರಿ, ಅಲ್ಲ ಬಿಡ್ರಿ, ಬರ್ತೀನಿ ಬಿಡ್ರಿ, ಸಾಕು ಬಿಡ್ರಿ. ಮೈಸೂರವ್ರಿಗೆ ‘ನಂದು’ ಅಂತ ಸ್ವಚ್ಛ ಹೇಳಬೇಕಿತ್ತು.”

ಚೆಂಡನ್ನು ಅವರ ಕಡೆ ಚಾಚಿದೆ. ತೆಗೆದುಕೊಂಡರು, ಆದರೆ ಇಟ್ಟುಕೊಳ್ಳಲಿಲ್ಲ. ನನ್ನ ಚೀಲದಿಂದ ಪೆನ್ನು ಕೇಳಿ ಪಡೆದು, ಹೊಲಿಗೆಯ ಪಕ್ಕದಲ್ಲಿ ಸಣ್ಣ ದುಂಡನೆಯ ಅಕ್ಷರದಲ್ಲಿ ಏನೋ ಬರೆದು ವಾಪಸು ಕೊಟ್ಟರು. ‘ಕ್ಯಾ. ಮೈ. ಮೇಡಮ್.’ ಕ್ಯಾಚು, ಮೈಸೂರು ಮೇಡಮ್. ಯಾರೂ ಬರೆದುಕೊಳ್ಳದ ಆಟ ಅಂತ ಹುಡುಕಿಕೊಂಡು ಬಂದವರು, ಕೊನೆಗೆ ಅಲ್ಲೂ ಬರೆಯುವಂತಾಯಿತು.

ಮರುದಿನ ಆಂಟಿ ಶೇಂಗಾ ಹೋಳಿಗೆ ಮಾಡಿ ತಂದರು. ಮೇಲುಗಡೆ ಕೇಳಿಸದ ಹಾಗೆ “ನಿನ್ನ ಹೊಟ್ಟಿ ತಣ್ಣಗಿರ್ಲಿ” ಅಂದರು. ನಾಲ್ಕು ಹೋಳಿಗೆ. ನಾಲ್ಕನ್ನೂ ನಾನೇ ತಿಂದೆ, ಅಪರಾಧ ಮಾಡಿದಾಗ ನನಗೆ ಹಸಿವು ಜಾಸ್ತಿ. ಅಂಕಲ್ ಮಾತ್ರ ಆ ಕಥೆಯನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳಿ ನಗಿಸಿದರು. ಕನ್ನಡ ಸಂಘದ ದೀಪಾವಳಿ ಊಟದ ಸಾಲಿನಲ್ಲೂ ಹೇಳಿದರು: “ನೋಡ್ರಿ, ಮೈಸೂರವ್ರಿಗೆ ಬಿಡ್ರಿ ಅಂದ್ರ ಹಿಡೀರಿ ಅಂತ.” ಎಲ್ಲರೂ ನಕ್ಕರು. ನಾನೂ ನಕ್ಕೆ, ಎಲ್ಲರಿಗಿಂತ ಸ್ವಲ್ಪ ಜೋರಾಗಿ. ನಿಜ ಹೇಳಿಬಿಡಬೇಕು ಅಂತ ಪ್ರತಿ ಸಲವೂ ಅನ್ನಿಸುತ್ತಿತ್ತು. ಹೇಳಿದರೆ ಆಂಟಿಗೆ ಕೊಟ್ಟ ಮಾತು ಮುರಿಯುತ್ತದೆ. ಅವರು ಮುನಿಸಿಕೊಂಡರೆ? ಮುನಿಸಿನಲ್ಲಿ ರಕ್ತದೊತ್ತಡ ಏರಿದರೆ? ನನ್ನ ‘ದರೆ’ಗಳಿಗೆ ಕೊನೆಯಿಲ್ಲ.

ಆ ಚಳಿಗಾಲ ಅವರಿಬ್ಬರೂ ಮಗಳು ಇರುವ ಆಸ್ಟಿನ್‌ಗೆ ಶಿಫ್ಟ್ ಆದರು. ನನ್ನನ್ನು ಕಂಪನಿ ಹ್ಯೂಸ್ಟನ್ನಿನ ಉತ್ತರಕ್ಕೆ, ದ ವುಡ್‌ಲ್ಯಾಂಡ್ಸ್‌ನ ಆಫೀಸಿಗೆ ಎತ್ತಿ ಹಾಕಿತು. ಗ್ಲೌಸು ಡಬ್ಬಕ್ಕೆ ಹೋಯಿತು, ಚೆಂಡಿನ ಸಮೇತ. ಅಂಕಲ್ ತಿಂಗಳಿಗೊಮ್ಮೆ ಫೋನ್ ಮಾಡುತ್ತಿದ್ದರು.

“ಅಲ್ಲೂ ಒಂದು ತಂಡ ಐತಲ್ರೀ ನಿಮ್ಮೂರಾಗ. ಒಂದ್ ಸಲ ಕರ್ಕೊಂಡು ಹೋಗ್ರಿ. ಈ ಸಲ ಆ ಬದ್ನೀಕಾಯಿ ಚೀಲ ಮನ್ಯಾಗ ಬಿಟ್ಟು ಬರ್ರಿ.”

“ಹೋಗೋಣ ಬಿಡಿ ಅಂಕಲ್,” ಅನ್ನುತ್ತಿದ್ದೆ.

ನಮ್ಮ ಕಡೆ ಹೋಗೋಣ ಬಿಡಿ ಅಂದರೆ ಏನು ಅಂತ ನಮ್ಮವರಿಗೆ ಗೊತ್ತು. ಅದು ಮಾತು ಮುಗಿಸುವ ಮಾತು. ಆಸ್ಟಿನ್‌ನಿಂದ ಇಲ್ಲಿಗೆ ಮೂರು ಗಂಟೆ ದಾರಿ. ನಾನು ಬೆಳಗ್ಗೆ ಹೋಗಿ ಕರೆತಂದು, ಸಂಜೆ ತೋರಿಸಿ, ಮರುದಿನ ಬಿಟ್ಟು ಬರಬಹುದಿತ್ತು. ಒಂದು ಬೇಸಿಗೆ ಪ್ರಾಜೆಕ್ಟ್ ರಿಲೀಸ್ ಅಂದೆ. ಇನ್ನೊಂದು ಬೇಸಿಗೆ ಚಂಡಮಾರುತ ಬರಬಹುದು ಅಂದೆ, ಬರಲಿಲ್ಲ. ಅಸಲು ಕಾರಣ ಬೇರೆ. ಗ್ಲೌಸು ಬಿಟ್ಟು ಹೋದರೆ ಆಂಟಿಯ ಆಣೆ, ತೆಗೆದುಕೊಂಡು ಹೋದರೆ ಅವರ ಬೊಗಸೆ. ಎರಡರ ಮಧ್ಯೆ ನಿಲ್ಲುವ ಶಕ್ತಿ ನನಗೆ ಉಳಿದಿರಲಿಲ್ಲ. ಮುಂದಕ್ಕೆ ಹಾಕುತ್ತ ಹೋದೆ.

ಈ ಮಾರ್ಚಿನಲ್ಲಿ ಒಂದು ಬೆಳಗ್ಗೆ ಆಫೀಸಿನ ಮೀಟಿಂಗಿನಲ್ಲಿದ್ದಾಗ ಆಂಟಿಯ ಫೋನ್ ಬಂತು. ಅಂಕಲ್ ಬೆಳಗಿನ ಚಹಾ ಕುಡಿಯುತ್ತ ಕುರ್ಚಿಯಲ್ಲೇ ಒರಗಿದ್ದರಂತೆ. ಹೃದಯ. ಸ್ಟೆಂಟೂ ಗುಳಿಗೆಯೂ ತಮ್ಮ ಕೈಲಾದದ್ದು ಮಾಡಿದ್ದವು.

ಅವತ್ತು ಮೂರು ಗಂಟೆಯ ದಾರಿ ಮೂರು ಗಂಟೆಯಷ್ಟೇ ಹಿಡಿಯಿತು. ಯಾವ ಚಂಡಮಾರುತವೂ ಅಡ್ಡ ಬರಲಿಲ್ಲ. ಆಸ್ಟಿನ್‌ನ ಫ್ಯೂನರಲ್ ಹೋಮಿನಲ್ಲಿ ಅವರನ್ನು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಮಲಗಿಸಿದ್ದರು. ಎದೆಯ ಮೇಲೆ ಕೈ ಜೋಡಿಸಿದ್ದರು. ಮುಖ ನೋಡಲಾಗದೆ ನಾನು ಆ ಕೈಗಳನ್ನೇ ನೋಡುತ್ತ ನಿಂತೆ. ಹತ್ತು ಬೆರಳೂ ನೆಟ್ಟಗಿದ್ದವು. ಎಲ್ಲೂ ಒಂದು ಗಾಯದ ಗುರುತಿಲ್ಲ, ಒಂದು ಗಂಟಿಲ್ಲ. ನಾನು ಕಾಪಾಡಿದ ಕೈಗಳು.

ಹೊರಗೆ ಬೆಂಚಿನ ಮೇಲೆ ಆಂಟಿಯ ಪಕ್ಕದಲ್ಲಿ ಕುಳಿತೆ. ಆಮೇಲೆ ಅವರೇ ಅಂದರು:

“ಈ ಬ್ಯಾಸಗಿಗೆ ಮೇಡಮ್ಮಾರು ಕರ್ಕೊಂಡು ಹೋಗ್ತೀನಿ ಅಂದಾರ ಅಂತ ಸ್ವೆಟರ್ ಒಗಿಸಿ ಇಟ್ಟಿದ್ರವಾ.”

ನನ್ನ ‘ಹೋಗೋಣ ಬಿಡಿ’ಯನ್ನು ಅವರು ಹುಬ್ಬಳ್ಳಿಯ ಲೆಕ್ಕದಲ್ಲಿ ಕೇಳಿಸಿಕೊಂಡಿದ್ದರು. ಅಲ್ಲಿ ಅದು ಕೊಟ್ಟ ಮಾತು. ತಡೆಯಲಾಗದೆ, ಆ ಚೆಂಡಿನ ಸುಳ್ಳನ್ನು ಆಂಟಿಗೆ ಹೇಳಿಬಿಟ್ಟೆ. ಬಿಡ್ರಿ ಅಂದಿದ್ದು ನನಗೆ ಸರಿಯಾಗಿಯೇ ಕೇಳಿಸಿತ್ತು, ಅರ್ಥವೂ ಆಗಿತ್ತು, ಬೇಕೆಂದೇ ಕೈ ಅಡ್ಡ ಹಾಕಿದೆ, ಕೊನೆಗೂ ಅವರಿಗೆ ಹೇಳಲಿಲ್ಲ ಅಂತ.

ಆಂಟಿ ನನ್ನ ಕಡೆ ತಿರುಗಲಿಲ್ಲ. “ಅವರಿಗೆ ಎಲ್ಲಾ ಗೊತ್ತಿತ್ತು ತಂಗಿ. ಆವತ್ತು ನಾವು ಕೆಳಗ ಮಾತಾಡುಮುಂದ ಅವರು ಮ್ಯಾಲೆ ನಿಂತು ತುಳಸಿಗೆ ನೀರು ಹಾಕ್ಲಿಕತ್ತಿದ್ರು. ಹೋದ ವರ್ಷ ನನ್ನ ಮುಂದ ಹೇಳಿ ನಕ್ರು.”

ನೀರು ತೊಟ್ಟಿಕ್ಕುತ್ತಿತ್ತು. ಕುರ್ಚಿ ಸರಿಸಿ ಕುಳಿತಿದ್ದೆವು… ಏನೇನು ಕೆಡಬಹುದು ಅಂತ ಊಹಿಸುವ ಕೆಲಸದವಳು ನಾನು. ತಲೆಯ ಮೇಲೆ ನೀರು ಬೀಳುತ್ತಿದ್ದರೆ ಮೇಲೊಬ್ಬರು ನಿಂತಿದ್ದಾರೆ ಅಂತ ನನಗೆ ಹೊಳೆದಿರಲಿಲ್ಲ.

ಅಂದರೆ, ನಾನು ಕಾವಲಿಗೆ ನಿಂತಿದ್ದೇನೆ ಅಂತ ಗೊತ್ತಿದ್ದೇ ಅವರು ನನ್ನ ಕಾರು ಹತ್ತುತ್ತಿದ್ದರು. ಗೊತ್ತಿದ್ದೇ ನೀರು ತರ್ರಿ, ಸ್ಕೋರ್‌ಬೋರ್ಡ್ ನೋಡ್ರಿ ಅಂತ ನನ್ನನ್ನು ಸಾಗಹಾಕಲು ನೋಡುತ್ತಿದ್ದರು. ಆ ಚೆಂಡು ಇಳಿದು ಬರುವಾಗ ಅಂದ ‘ಬಿಡ್ರಿ’ ಮೈದಾನದಲ್ಲಿ ಒಬ್ಬ ಆಟಗಾರ ಇನ್ನೊಬ್ಬನಿಗೆ ಹೇಳುವುದಾಗಿರಲಿಲ್ಲ. ನನ್ನ ಆಣೆಯನ್ನು ಒಂದು ನಿಮಿಷ ಬಿಡಿ ಅಂತ ಕೇಳಿಕೊಂಡದ್ದು. ಎರಡು ಸಲ ಕೇಳಿದ್ದರು. ನಾನು ಕೊಡಲಿಲ್ಲ, ಮೇಲೊಂದು ಸುಳ್ಳು ಹೇಳಿದೆ. ಆ ಸುಳ್ಳನ್ನು ಅವರು ತಪ್ಪು ನಂದ ಅಂತ ತಮ್ಮ ಮೇಲೆ ಹಾಕಿಕೊಂಡು, ಊರೆಲ್ಲ ಜೋಕು ಮಾಡಿ ಹಂಚಿ, ನನಗೆ ತಲೆತಗ್ಗಿಸುವ ಪ್ರಮೇಯವೇ ಬರದಂತೆ ನೋಡಿಕೊಂಡರು.

ಗರಾಜಿನ ಬಾಗಿಲಲ್ಲಿ ಮಗಳು ಬಂದು ನಿಂತಳು. ಕಾಲೇಜಿನ ರಜೆಗೆ ಬಂದವಳು, ದಾನದ ಚೀಲಗಳನ್ನು ಕಾರಿಗೆ ಹಾಕಲು ಕಾಯುತ್ತಿದ್ದಾಳೆ. ನನ್ನ ಮಡಿಲು ನೋಡಿದಳು.

“ಆರ್ ಯೂ ಕೀಪಿಂಗ್ ದಟ್, ಅಮ್ಮಾ?”

“ಇರಲಿ ಬಿಡು,” ಅಂದೆ.

“ಅದು ಯೆಸ್ಸಾ, ನೋನಾ?”

ಚೆಂಡನ್ನು ಗ್ಲೌಸಿನಿಂದ ಬಿಡಿಸಿಕೊಂಡೆ. ಗ್ಲೌಸನ್ನು ಅವಳು ಹಿಡಿದಿದ್ದ ಚೀಲಕ್ಕೆ ಹಾಕಿದೆ. ಹೊಲಿಗೆಯ ಪಕ್ಕದ ಶಾಯಿ ಸೆಕೆಗೆ ತಿಳಿ ನೇರಳೆಯಾಗಿದೆ, ‘ಮೇಡಮ್’ ಅನ್ನುವುದಷ್ಟೇ ಓದಲು ಬರುತ್ತದೆ. ಇಷ್ಟು ವರ್ಷ ಈ ಚೆಂಡನ್ನು ಎತ್ತಿಟ್ಟಿದ್ದೆನೇ ಹೊರತು ಹೀಗೆ ಬರಿಗೈಯಲ್ಲಿ ಬಿಗಿಯಾಗಿ ಹಿಡಿದು ನೋಡಿರಲಿಲ್ಲ. ಒಂದಿಷ್ಟು ಮೇಲಕ್ಕೆ ಎಸೆದು ಅಂಗೈಗೆ ಬೀಳಿಸಿಕೊಂಡೆ. ಗಟ್ಟಿ. ಆಂಟಿ ಹೇಳಿದ್ದು ಸರಿ, ಕಲ್ಲೇ. ಅವರ ಕೈಗೆ ನೋವಾಗುತ್ತಿತ್ತು, ಅನುಮಾನವಿಲ್ಲ. ಊದಿಕೊಳ್ಳುತ್ತಿತ್ತು, ನೀಲಿಯಾಗುತ್ತಿತ್ತು. ಆಂಟಿ ನನ್ನ ಜೊತೆ ಮಾತು ಬಿಡುತ್ತಿದ್ದರು.

ಎಲ್ಲ ವಾಸಿಯಾಗಲು ಹದಿನೈದು ದಿನ. ಬಹಳ ಅಂದರೆ ಒಂದು ತಿಂಗಳು.